ಖಾಲಿ ಕುರ್ಚಿಯ ದೀಪ

ಚರಿತ್ರೆಯಲ್ಲಿ ದೊಡ್ಡ ದೊಡ್ಡ ಅನಾಹುತಗಳೆಲ್ಲ ಶುರುವಾಗಿರುವುದು, ಬಾಯಿ ಮುಚ್ಚಿಕೊಂಡು ಕೂರಬೇಕಾದ ಕಡೆ ಯಾರೋ ಒಬ್ಬರು ಬಾಯಿ ಬಿಟ್ಟದ್ದರಿಂದ. ವರ್ಷಾನುಗಟ್ಟಲೆ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದ ಮೇಲೆ ನಾನು ಕಂಡುಕೊಂಡ ಸತ್ಯ ಇದು. ಪರೀಕ್ಷೆಯಲ್ಲಿ ಬರೆದರೆ ಅಂಕ ಬರುವುದಿಲ್ಲ, ಆ ಮಾತು ಬೇರೆ. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬಾಯಿ ಬಿಟ್ಟದ್ದು ಸ್ಟಾಫ್ ರೂಮಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಕೈಯಲ್ಲಿದ್ದ ಚಹಾ ಆರುವ ಮೊದಲು.

ಮೇಷ್ಟ್ರ ವಿಷಯ ಮೊದಲು ಹೇಳಿಬಿಡುತ್ತೇನೆ. ಮಕ್ಕಳು ಅವರನ್ನು ರಬ್ಬರ್ ಮೇಷ್ಟ್ರು ಎಂದು ಕರೆಯುತ್ತಾರೆ. ಒಂದು ಕುದುರೆ ಬರೆಯಲು ಹೊರಟರೆ ಅವರು ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಪೀರಿಯಡ್ಡು ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲೆ ಒಂದು ಬಾಲ, ನೆಲದ ಮೇಲೆ ಸೀಮೆಸುಣ್ಣದ ಪುಡಿ, ಇಷ್ಟೇ ಉಳಿದಿರುತ್ತದೆ. ಈ ಚಾಳಿ ಅವರ ಮಾತಿಗೂ ಅಂಟಿಕೊಂಡಿದೆ. "ನಾಳೆ ಬರ್ತೀನಿ" ಎನ್ನುತ್ತಾರೆ. ಎರಡು ಹೆಜ್ಜೆ ಹೋಗಿ ತಿರುಗಿ ನಿಂತು, "ಅದನ್ನ ಅಳಿಸಿಬಿಡಿ, ನಾಡಿದ್ದು ಬರ್ತೀನಿ" ಎನ್ನುತ್ತಾರೆ. ಹೆಣ್ಣು ನೋಡಿದ ದಿನವೂ "ನನಗೆ ಒಪ್ಪಿಗೆ ಇಲ್ಲ, ಅದನ್ನ ಅಳಿಸಿ, ಇದೆ" ಎಂದರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿಯೇ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ.

ಹೆಂಡತಿ ನರ್ಸು. ಬೀದಿಗೆಲ್ಲ ಅವರು ಸಿಸ್ಟರ್. ಅವರ ಆಸ್ಪತ್ರೆಯವರು ದೂರದ ಊರಿನಲ್ಲಿ ಹೊಸ ಶಾಖೆ ತೆರೆದು, ಎರಡು ವರ್ಷದ ಮಟ್ಟಿಗೆ ಎಂದು ಇವರನ್ನು ಅಲ್ಲಿಗೆ ಕಳಿಸಿದ್ದರು. ರೈಲು ಹತ್ತಿದರೆ ಒಂದು ಇಡೀ ದಿನದ ದಾರಿ. ರಜೆ ಸಿಕ್ಕಾಗ ಬರುತ್ತಿದ್ದರು. ರಜೆ ಸಿಗುತ್ತಿದ್ದದ್ದು ಅಪರೂಪ.

ಮೇಷ್ಟ್ರ ಮನೆ ನನ್ನ ಮನೆಗೆ ಎದುರು. ಅವರ ಹಜಾರದ ಕಿಟಕಿಗೂ ನನ್ನ ಕಿಟಕಿಗೂ ನಡುವೆ ಒಂದು ಬೀದಿಯಷ್ಟೇ ಅಡ್ಡ. ಆ ಕಿಟಕಿಯ ಪಕ್ಕ ಸಿಸ್ಟರ್ ಅವರ ಬೆತ್ತದ ಕುರ್ಚಿ ಇತ್ತು. ಡ್ಯೂಟಿ ಮುಗಿಸಿ ಬಂದವರೇ ಬೂಟು ಬಿಚ್ಚಿ, ಒಂದನ್ನು ಆ ಕಡೆ ಒಂದನ್ನು ಈ ಕಡೆ ಎಸೆದು, ಅದರಲ್ಲಿ ಕುಸಿದು ಕೂತು, ಕಣ್ಣು ಮುಚ್ಚಿಕೊಂಡು "ರೀ, ಚಹಾ" ಎನ್ನುತ್ತಿದ್ದರು. ಅವರು ಹೋದ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮೇಷ್ಟ್ರು ಚಹಾ ಮಾತ್ರ ಎರಡು ಲೋಟವೇ ಮಾಡುತ್ತಿದ್ದರು. ಎರಡನೆಯದು ಸಿಸ್ಟರ್‌ಗೆ ಇಷ್ಟವಾದಂತೆ ಸಕ್ಕರೆ ಇಲ್ಲದ್ದು. ಅದನ್ನು ಕುಡಿಯಲು ಪ್ರತಿ ಸಂಜೆ ನನ್ನನ್ನು ಕೂಗುತ್ತಿದ್ದರು. ನನಗೆ ಸಕ್ಕರೆ ಬೇಕು ಎಂದು ಎಷ್ಟು ಸಲ ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ನಾನೂ ಹೇಳುವುದನ್ನು ಬಿಟ್ಟೆ.

ಭಾನುವಾರ ಬೆಳಿಗ್ಗೆ ಸಿಸ್ಟರ್ ಫೋನ್ ಮಾಡುತ್ತಿದ್ದರು. ಅವರ ಕಡೆಯಿಂದ ಸುದ್ದಿಯೋ ಸುದ್ದಿ: ವಾರ್ಡಿನಲ್ಲಿ ಅವಳಿ ಮಕ್ಕಳು ಹುಟ್ಟಿದ್ದು, ನಡೆಯಲಾರದವನು ನಡೆದದ್ದು. ಹೇಳಿ ಮುಗಿಸಿ, "ನಿಮ್ಮ ಕಡೆ ಏನ್ರೀ ವಿಶೇಷ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, "ಬಕೆಟ್ಟು ತೂತಾಗಿದೆ" ಎನ್ನುತ್ತಿದ್ದರು.

ಇದಿಷ್ಟು ಹಿನ್ನೆಲೆ. ಈಗ ಸೋಮವಾರಕ್ಕೆ ಬರೋಣ.

ಹೆಡ್‌ಮಿಸ್ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ನಮ್ಮ ಮಕ್ಕಳು ಕಂಪ್ಯೂಟರ್‌ನಲ್ಲಿ ಬಣ್ಣದ ತುಂಡು ಎಳೆದು ಜೋಡಿಸಿ ಗೊಂಬೆ ಕುಣಿಸಿದ್ದು ಸಾಕು. ಇನ್ಮೇಲೆ ಸಾಲು ಸಾಲಾಗಿ ಟೈಪ್ ಮಾಡಿ ಪ್ರೋಗ್ರಾಂ ಬರೀಬೇಕು. ಬರೆದದ್ದು ಪರದೆ ಮೇಲೆ ಉಳಿಯೋದಲ್ಲ, ಕೈಯಲ್ಲಿ ಹಿಡಿಯೋ ವಸ್ತುಗಳಲ್ಲಿ ಕೆಲಸ ಮಾಡಿ ತೋರಿಸ್ಬೇಕು. ಯಾರು ತಗೋತೀರಿ ಈ ಕ್ಲಾಸು?" ಎಂದರು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಏಕಕಾಲಕ್ಕೆ ನೆಲ ನೋಡಿದೆವು. ವಿಜ್ಞಾನದ ಮೇಷ್ಟ್ರಿಗೆ ಆ ಕ್ಷಣವೇ ಹಲ್ಲು ನೋವು ಬಂತು. ಆಗ ಮೂಲೆಯಿಂದ "ಅದೇನು ಮಹಾ" ಎಂಬ ದನಿ ಕೇಳಿಸಿತು.

ತಿರುಗಿ ನೋಡಿದರೆ ಡ್ರಾಯಿಂಗ್ ಮೇಷ್ಟ್ರು. ಅವರೂ ಗಾಬರಿಯಿಂದ ಸುತ್ತ ನೋಡುತ್ತಿದ್ದರು, ಯಾರು ಹೇಳಿದ್ದು ಎಂಬಂತೆ. ಬಾಯಿ ತೆರೆದು "ಅದನ್ನ ಅಳಿಸಿ..." ಎನ್ನುವಷ್ಟರಲ್ಲಿ ಹೆಡ್‌ಮಿಸ್ ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಭಾನುವಾರ "ಏನ್ರೀ ವಿಶೇಷ" ಎಂದು ಕೇಳಿದರೆ ಬಕೆಟ್ಟಿಗಿಂತ ದೊಡ್ಡದೇನಾದರೂ ಹೇಳುವ ಆಸೆಯಿಂದ ಬಾಯಿ ಜಾರಿತು ಎಂದು ಆಮೇಲೆ ನನ್ನೊಬ್ಬನಿಗೆ ಹೇಳಿದರು.

ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಬೋರ್ಡುಗಳು, ಬಣ್ಣಬಣ್ಣದ ತಂತಿಗಳು, ಬಟಾಣಿ ಕಾಳಿನಂಥ ದೀಪಗಳು, ಕಿರುಚುವ ಬಜರ್‌ಗಳು, ಮಣ್ಣಿನ ತೇವ ಅಳೆಯುವ ಕಡ್ಡಿ, ಮೇಲೆ ಭಾರ ಬಿದ್ದರೆ ತಿಳಿಯುವ ತೆಳ್ಳನೆಯ ಪಟ್ಟಿ (ಇಂಥವಕ್ಕೆ ಸೆನ್ಸರ್ ಎನ್ನುತ್ತಾರೆ), ಹೀಗೆ ನಾನಾ ಸಾಮಾನು ಇತ್ತು. ಮೇಷ್ಟ್ರು ಮೊದಲ ಕ್ಲಾಸಿನ ಹಿಂದಿನ ದಿನವೇ ಎಲ್ಲವನ್ನೂ ಒಪ್ಪ ಮಾಡಿ ಇಡಲು ಹೋಗಿ ಒಂದು ಘನಕಾರ್ಯ ಮಾಡಿದ್ದರು. ಆ ಪುಟ್ಟ ದೀಪಗಳಿಗೆ ಒಂದು ಉದ್ದ ಕಾಲು, ಒಂದು ಗಿಡ್ಡ ಕಾಲು ಇರುತ್ತದೆ. ಯಾವುದು ಪ್ಲಸ್ಸು ಯಾವುದು ಮೈನಸ್ಸು ಎಂದು ಗೊತ್ತಾಗುವುದು ಅದರಿಂದಲೇ. ಚಿತ್ರದಲ್ಲಿ ಸಮತೋಲ ಇರಬೇಕು ಎಂಬ ತತ್ವದವರಾದ ಮೇಷ್ಟ್ರು, ಕತ್ತರಿ ತೆಗೆದುಕೊಂಡು ಅಷ್ಟೂ ದೀಪಗಳ ಕಾಲುಗಳನ್ನು ಒಂದೇ ಸಮ ಮಾಡಿದ್ದರು.

ಮೊದಲ ಕ್ಲಾಸನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಕ್ಕಳು ನಾಲ್ಕು ಸಾಲು ಟೈಪ್ ಮಾಡಿದರು. ಅರ್ಧ ಜನರ ದೀಪ ಹತ್ತಿತು, ಅರ್ಧ ಜನರದು ಹತ್ತಲಿಲ್ಲ. ಎರಡನೇ ಬೆಂಚಿನಲ್ಲಿ ಯಾಕೆಪುಟ್ಟಿ ಇದ್ದಳು. ಎಲ್ಲದಕ್ಕೂ ಯಾಕೆ ಎಂದು ಕೇಳಿ ಕೇಳಿ ನಮ್ಮಲ್ಲಿ ಇಬ್ಬರು ಮೇಷ್ಟ್ರುಗಳ ರಕ್ತದೊತ್ತಡ ಏರಿಸಿದ ಹುಡುಗಿ.

"ಯಾಕೆ ಸಾರ್ ನಂದು ಹತ್ತಲಿಲ್ಲ?" ಎಂದಳು.

"ಗೊತ್ತಿಲ್ಲಮ್ಮ" ಎಂದರು ಮೇಷ್ಟ್ರು.

ನಮ್ಮ ಶಾಲೆಯ ಗೋಡೆಗಳು ಆ ಪದವನ್ನು ಮೇಷ್ಟ್ರೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು.

"ಕಾಲು ತಿರುಗಿಸಿ ಹಾಕು. ಆಗಲಿಲ್ಲ ಅಂದ್ರೆ ಸಾಲು ಅಳಿಸಿ ಇನ್ನೊಂದು ಥರ ಬರೆ. ಅದೂ ಆಗಲಿಲ್ಲ ಅಂದ್ರೆ ಅದನ್ನೂ ಅಳಿಸು. ಅಳಿಸೋದಕ್ಕೆ ಯಾರಪ್ಪನ ಅಪ್ಪಣೆ ಬೇಕು?"

ಮಕ್ಕಳಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ತಪ್ಪು ಮಾಡಿದರೆ ಬೈಯದ ಕ್ಲಾಸು ಸಿಕ್ಕಿತ್ತು. ಕಂಪ್ಯೂಟರ್ ಕೆಂಪಕ್ಷರದಲ್ಲಿ ತಪ್ಪು ತೋರಿಸಿದಾಗ ಒಬ್ಬ ಹುಡುಗ, "ಸಾರ್, ಇದು ಬೈತಾ ಇದೆ" ಎಂದ.

"ಬೈದ್ರೆ ಬೈಸ್ಕೋ. ಎಷ್ಟನೇ ಸಾಲಲ್ಲಿ ತಪ್ಪು ಅಂತ ಹೇಳಿ ಬೈಯುತ್ತಲ್ಲ, ದೊಡ್ಡ ಗುಣ ಅದು. ನಮ್ಮನೇಲಿ ನನ್ನ ಬೈಯೋವಾಗ ಯಾವ ಸಾಲು ಅಂತ ಹೇಳ್ತಿರ್ಲಿಲ್ಲ" ಎಂದು ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಕಿಟಕಿಯಾಚೆ ನೋಡುತ್ತ, "ಅದನ್ನ ಅಳಿಸಿಬಿಡಿ" ಎಂದರು.

ಪ್ರೋಗ್ರಾಂ ಅರ್ಥವಾಗದವರಿಗೆ ಅವರು ಒಂದು ಆಟ ಹುಡುಕಿದ್ದರು. ಒಬ್ಬಳು ಬಾಗಿಲು, ಒಬ್ಬ ಬಜರ್, ಇನ್ನೊಬ್ಬ ಸಾಲುಗಳನ್ನು ಜೋರಾಗಿ ಓದುವವನು. "ಬಾಗಿಲು ತೆರೆದಿದ್ದರೆ ಕೂಗು, ಇಲ್ಲದಿದ್ದರೆ ಸುಮ್ಮನಿರು, ಮತ್ತೆ ಮೊದಲಿಂದ ಓದು." ಓದುವವನಿಗೆ ನಿಲ್ಲಿಸು ಎಂದು ಯಾರೂ ಬರೆದುಕೊಟ್ಟಿರಲಿಲ್ಲವಾದ್ದರಿಂದ ಅವನು ಊಟದ ಬೆಲ್ಲು ಹೊಡೆದ ಮೇಲೂ ಓದುತ್ತಲೇ ಇದ್ದ. ಪಕ್ಕದ ಕೋಣೆಯಲ್ಲಿ ನನ್ನ ಚಕ್ರವರ್ತಿಗಳು ಒಬ್ಬೊಬ್ಬರಾಗಿ ಆ ಬಜರ್ ಹುಡುಗನ ಕೂಗಿಗೆ ಬಲಿಯಾದರು.

ಕೆಲವು ವಾರ ಕಳೆದ ಮೇಲೆ ಮೇಷ್ಟ್ರು, "ಈಗ ನಿಮ್ಮ ನಿಮ್ಮ ಮನೇಲಿರೋ ಒಂದು ತೊಂದರೆ ಹುಡುಕಿ. ಅದಕ್ಕೊಂದು ವಸ್ತು ಮಾಡೋಣ" ಎಂದರು. ಒಬ್ಬನ ತಾತ ನಲ್ಲಿ ನಿಲ್ಲಿಸಲು ಮರೆಯುತ್ತಿದ್ದರು. ಒಬ್ಬಳ ತಮ್ಮ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಿದ್ದ. ಎಲ್ಲರದೂ ಆದ ಮೇಲೆ ಯಾಕೆಪುಟ್ಟಿ ಎದ್ದು ನಿಂತಳು.

"ನಿಮ್ಮನೇಲಿ ಏನು ತೊಂದರೆ ಸಾರ್?"

"ನಮ್ಮನೇಲಾ? ನಮ್ಮನೇಲಿ ಏನಿಲ್ಲ." ಪೆಟ್ಟಿಗೆಯ ಮುಚ್ಚಳ ತೆಗೆಯುತ್ತ, "ಯಾರೂ ಇಲ್ಲ" ಎಂದರು.

"ಅದಕ್ಕೆ ಯಾವ ಸೆನ್ಸರ್ ಹಾಕ್ಬೇಕು ಸಾರ್?"

ಮೇಷ್ಟ್ರು ಪೆಟ್ಟಿಗೆಯೊಳಗೆ ಕೈಯಾಡಿಸಿದರು, ನಿಜವಾಗಿಯೂ ಅಂಥದ್ದೊಂದು ಇರಬಹುದೇನೋ ಎಂಬಂತೆ.

ಹೀಗೆ ಇಡೀ ಕ್ಲಾಸು ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಮನೆಗೆ ನುಗ್ಗಿತು. ಸಿಸ್ಟರ್ ನೆಟ್ಟ ಮಲ್ಲಿಗೆ ಗಿಡದ ಕುಂಡಕ್ಕೆ ತೇವದ ಕಡ್ಡಿ ಚುಚ್ಚಿದರು. ಮಣ್ಣು ಒಣಗಿದರೆ ಪುಟ್ಟ ಪಂಪು ನೀರು ಬಿಡುತ್ತಿತ್ತು. ಬಾಗಿಲು ತೆರೆದೇ ಇದ್ದರೆ ಬಜರ್ ಕಿರುಚುತ್ತಿತ್ತು. ಹಾಲು ಉಕ್ಕುವ ಮುಂಚೆ ಇನ್ನೊಂದು ಬಜರ್ ಕಿರುಚುತ್ತಿತ್ತು. ಕೊನೆಗೆ ಉಳಿದದ್ದು ಕುರ್ಚಿ. ದಿಂಬಿನ ಕೆಳಗೆ ಭಾರದ ಪಟ್ಟಿ ಇಟ್ಟು, ಮೇಲೆ ದೀಪ ಕಟ್ಟುವುದು. ಸಿಸ್ಟರ್ ಬಂದು ಕೂತಾಗ ಓದಲು ಬೆಳಕು ತಾನಾಗಿ ಬರಬೇಕು ಎಂಬುದು ಯೋಜನೆ. ಡ್ರಾಯಿಂಗ್ ಹಾಳೆಯಿಂದ ದೀಪಕ್ಕೆ ಶೇಡನ್ನು ಮೇಷ್ಟ್ರೇ ಮಾಡಿ, ಅದರ ಮೇಲೆ ಮಲ್ಲಿಗೆ ಬಳ್ಳಿ ಬರೆದರು. ಬಳ್ಳಿ ಒಂದೇ ಸಲಕ್ಕೆ ಬಂತು, ಅಳಿಸಲಿಲ್ಲ.

"ಇದರ ಪ್ರೋಗ್ರಾಂ ನಾನೇ ಬರೀತೀನಿ" ಎಂದರು. ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಗುಂಡಿ ಒತ್ತಿದ ಕೂಡಲೇ ದೀಪ ಹತ್ತಿತು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗಿ ಚಪ್ಪಾಳೆ ತಟ್ಟಿದರು. ಮಕ್ಕಳು ತಟ್ಟಲಿಲ್ಲ.

"ಸಾರ್, ಯಾರೂ ಕೂತೇ ಇಲ್ಲ. ಯಾಕೆ ಹತ್ತಿತು?" ಎಂದಳು ಯಾಕೆಪುಟ್ಟಿ. ಹೋಗಿ ದಿಂಬಿನ ಮೇಲೆ ಎರಡೂ ಕೈ ಊರಿದಳು. ದೀಪ ಆರಿತು. ಕೈ ತೆಗೆದಳು. ಹತ್ತಿತು. "ತಿರುಗುಮುರುಗು ಆಗಿದೆ ಸಾರ್. ಭಾರ ಇದ್ರೆ ಆರಿಸು, ಇಲ್ದಿದ್ರೆ ಹಚ್ಚು ಅಂತ ಬರ್ದಿದೀರ. ಎರಡು ಸಾಲು ಅದಲು ಬದಲು ಮಾಡಿದ್ರೆ ಆಯ್ತು. ಅಳಿಸ್ಲಾ?"

ಮೇಷ್ಟ್ರು ಖಾಲಿ ಕುರ್ಚಿಯನ್ನೂ ಅದರ ಮೇಲೆ ಬಿದ್ದಿದ್ದ ಬೆಳಕನ್ನೂ ನೋಡಿದರು.

"ಬೇಡ. ಇರ್ಲಿ."

"ಯಾಕೆ ಸಾರ್?"

ಮೇಷ್ಟ್ರು ಚಹಾಕ್ಕೆ ನೀರಿಡಲು ಒಳಗೆ ಹೋದರು.

ಅಂದಿನಿಂದ ಆ ಕಿಟಕಿಯಲ್ಲಿ ಹಗಲೂ ರಾತ್ರಿ ದೀಪ ಉರಿಯತೊಡಗಿತು. ಬೀದಿಗೆ ಇದು ಸಹಿಸುವ ಸಂಗತಿಯಲ್ಲ. ನನ್ನ ಪಕ್ಕದ ಮನೆಯ ಅಜ್ಜಿ, ಯಾರ ಮನೆಯಲ್ಲಿ ಸೂಜಿ ಬಿದ್ದರೂ ಬೀದಿಗೆ ವರದಿ ಒಪ್ಪಿಸುವವರು, "ಮೇಷ್ಟ್ರ ಮನೇಲಿ ಯಾರೋ ಇದ್ದಾರೆ" ಎಂದು ಘೋಷಿಸಿದರು. ಮೂಲೆಯ ದರ್ಜಿ, ಅದು ಕಳ್ಳರನ್ನು ಹಿಡಿಯುವ ಯಂತ್ರ ಎಂದು ಹೇಳಿ, ತಾನು ಆ ಕಡೆ ಹೋಗುವಾಗ ಕೈ ಜೇಬಿನಿಂದ ಹೊರಗಿಟ್ಟುಕೊಂಡು ನಡೆಯತೊಡಗಿದ.

ಭಾನುವಾರದ ಫೋನಿಗೆ ಈಗ ಸುದ್ದಿಗೆ ಬರ ಇರಲಿಲ್ಲ. ಒಂದು ವಾರ ಗಿಡ, ಒಂದು ವಾರ ಬಾಗಿಲು, ಒಂದು ವಾರ ಹಾಲು. ಕೊನೆಗೆ ಉತ್ಸಾಹ ತಡೆಯಲಾರದೆ ಮೇಷ್ಟ್ರು, "ಏನೂ ಯೋಚನೆ ಮಾಡ್ಬೇಡ ಕಣೆ, ಮನೆ ತಾನಾಗೇ ನಡೀತಿದೆ" ಎಂದುಬಿಟ್ಟರು. "ಒಳ್ಳೇದಾಯ್ತು ಬಿಡಿ" ಎಂದು ಸಿಸ್ಟರ್ ಫೋನ್ ಇಟ್ಟರು. ಮೇಷ್ಟ್ರು ನನ್ನ ಬಳಿ ಬಂದು, "ಖುಷಿಯಾಗಿದ್ದಾಳೆ" ಎಂದರು. ಹೆಂಡತಿಯ ದನಿಯಲ್ಲಿ ಖುಷಿ ಯಾವುದು, ಖುಷಿಯಲ್ಲದ್ದು ಯಾವುದು ಎಂದು ಹೇಳುವ ಸೆನ್ಸರ್ ಆ ಪೆಟ್ಟಿಗೆಯಲ್ಲಿ ಇರಲಿಲ್ಲ.

ಬುಧವಾರ ಸಂಜೆ ಸಿಸ್ಟರ್ ಅವರ ಅಣ್ಣ ಬಂದರು. ಎರಡು ಬೀದಿ ಆಚೆ ಮನೆ. ಕರೆಂಟ್ ಆಫೀಸಿನಲ್ಲಿ ಮೀಟರ್ ಓದುತ್ತಿದ್ದು ನಿವೃತ್ತರಾದವರು. ಈಗಲೂ ಯಾರ ಮನೆಗೆ ಹೋದರೂ ಮೊದಲು ಮೀಟರ್ ನೋಡಿ ಆಮೇಲೆ ಕ್ಷೇಮಸಮಾಚಾರ ಕೇಳುವುದು ಅವರ ಪದ್ಧತಿ. ನಾನು ಸಕ್ಕರೆ ಇಲ್ಲದ ಚಹಾ ಹಿಡಿದು ಅಲ್ಲೇ ಕೂತಿದ್ದೆ.

"ಮೇಷ್ಟ್ರೇ, ವಿಷಯ ಇಷ್ಟೇ. ಆಸ್ಪತ್ರೆಯವರು ಅವಳಿಗೆ ಇನ್ನೂ ಮೂರು ವರ್ಷ ಅಲ್ಲೇ ಇರು, ಮೇಲಿನ ಹುದ್ದೆ ಕೊಡ್ತೀವಿ ಅಂತಿದ್ದಾರೆ. ಇಷ್ಟು ದಿನ ಬೇಡ ಅಂತಿದ್ಲು. 'ಅವರೊಬ್ರೇ ಇರೋದು, ಹಾಲು ಉಕ್ಕಿಸ್ತಾರೆ, ಬಾಗಿಲು ತೆರೆದಿಟ್ಟು ಹೋಗ್ತಾರೆ, ನಾನು ವಾಪಸ್ ಹೋಗ್ಬೇಕು' ಅಂತ. ಈಗ ನೀವು ಮನೆ ತಾನಾಗೇ ನಡೀತಿದೆ ಅಂದ್ರಂತೆ. 'ನೀನು ಹೋಗಿ ನೋಡಣ್ಣ, ನಿಜ ಆದ್ರೆ ನಾನು ಒಪ್ಕೊಂಡುಬಿಡ್ತೀನಿ' ಅಂದ್ಲು. ಶನಿವಾರ ಬಂದು ಎಲ್ಲಾ ಪರೀಕ್ಷೆ ಮಾಡ್ತೀನಿ."

ಮೇಷ್ಟ್ರ ಮುಖ ಹುಳ್ಳಗಾಯಿತು. "ಭಾವ, ಅದನ್ನ..." ಎಂದರು. ಭಾವ ಆಗಲೇ ಮೀಟರ್ ನೋಡಲು ಎದ್ದಿದ್ದರು.

ಅವರು ಹೋದ ಮೇಲೆ ನಾನು, "ಇದರಲ್ಲಿ ಯೋಚನೆ ಮಾಡೋದೇನಿದೆ. ಫೋನ್ ಮಾಡಿ ವಾಪಸ್ ಬಾ ಅನ್ನಿ" ಎಂದೆ.

"ಹೇಗೆ ಅನ್ನಲಿ ಸಾರ್. ಅಲ್ಲಿ ಅವಳಿಗೆ ಎಷ್ಟು ಹೆಸರಿದೆ. ಬಾ ಅಂದ್ರೆ ಬಂದೇ ಬರ್ತಾಳೆ. ನನಗೋಸ್ಕರ ಎಲ್ಲಾ ಬಿಟ್ಟು ಬಂದ್ಲು ಅಂತಾದ್ರೆ, ಅದನ್ನ ಯಾವ ರಬ್ಬರಿಂದ ಅಳಿಸೋದು?"

"ಹಾಗಾದ್ರೆ ಅಲ್ಲೇ ಇರು ಅನ್ನಿ."

"ಅದು ಬಾಯಿಗೆ ಬರಲ್ಲ."

ಮೇಷ್ಟ್ರಿಗೆ ಹೆಂಡತಿ ಮನೆಯಲ್ಲಿ ಬೇಕಾಗಿತ್ತು. ಬೂಟು ಎಸೆಯುವ ಸದ್ದು ಬೇಕಾಗಿತ್ತು, ಯಾವ ಸಾಲು ಎಂದು ಹೇಳದೆ ಬೈಯುವ ದನಿ ಬೇಕಾಗಿತ್ತು. ಇಷ್ಟು ಸಣ್ಣ ವಿಷಯ. ಬಿಸಿ ತುಪ್ಪದ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲಿಟ್ಟುಕೊಂಡು ಕೂತಿದ್ದರು.

ಮರುದಿನದ ಹೊತ್ತಿಗೆ ಅವರಿಗೆ ಉಪಾಯ ಹೊಳೆದಿತ್ತು. ತಾವೇನೂ ಹೇಳುವುದು ಬೇಡ. ಶನಿವಾರ ಯಂತ್ರಗಳೇ ಕೈಕೊಟ್ಟುಬಿಟ್ಟರೆ? ಗುರುವಾರ ಬೆಳಿಗ್ಗೆ ಹಾಲಿನ ಬಜರ್‌ನ ತಂತಿಯೊಂದನ್ನು ಯಾರಿಗೂ ಕಾಣದಂತೆ ಸಡಿಲ ಮಾಡಿದರು. ಸಂಜೆ ಮಕ್ಕಳು ಬಂದು ಕೂಗಿಸಿ ನೋಡಿದರು, ಕೂಗಲಿಲ್ಲ. ಯಾಕೆಪುಟ್ಟಿ ಒಂದು ತುದಿಯಿಂದ ಬೆರಳಿಟ್ಟುಕೊಂಡು ಬಂದು ಸಡಿಲ ತಂತಿ ಹಿಡಿದಳು. ಶುಕ್ರವಾರ ಮೇಷ್ಟ್ರು ಇನ್ನೂ ಆಳಕ್ಕಿಳಿದು, ಗಿಡದ ಪ್ರೋಗ್ರಾಂನಲ್ಲಿ ಒಂದು ಅಂಕಿಯನ್ನೇ ಬದಲಿಸಿದರು. ಮಣ್ಣು ಸುಟ್ಟ ಇಟ್ಟಿಗೆಯಾದರೂ ಪಂಪು ಅಲ್ಲಾಡುವಂತಿರಲಿಲ್ಲ. ಮಕ್ಕಳು ಸಾಲು ಸಾಲು ಓದಿ, "ನಿನ್ನೆ ಈ ಅಂಕಿ ಇರಲಿಲ್ಲ" ಎಂದು ಅದನ್ನೂ ಸರಿಮಾಡಿ ಬಿಸ್ಕತ್ತು ತಿಂದು ಹೋದರು. ತಪ್ಪನ್ನು ಹೇಗೆ ಹುಡುಕಬೇಕು ಎಂದು ಅವರಿಗೆ ಕಲಿಸಿದವರು ಯಾರು? ತಾನು ತೋಡಿದ ಗುಂಡಿ ಎನ್ನುವುದು ಇದಕ್ಕೇ.

ಇಷ್ಟಕ್ಕೇ ಮುಗಿಯಲಿಲ್ಲ. ಮೇಷ್ಟ್ರು ಬೇಕೆಂದೇ ತಪ್ಪು ಅಡಗಿಸಿಟ್ಟು ತಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಮಕ್ಕಳು ಹೆಡ್‌ಮಿಸ್‌ಗೆ ಹೆಮ್ಮೆಯಿಂದ ಹೇಳಿದರು. ಹೆಡ್‌ಮಿಸ್ ಇದು ಹೊಸ ಬೋಧನಾಕ್ರಮ ಎಂದು ಮೆಚ್ಚಿ, ಎಲ್ಲ ಮೇಷ್ಟ್ರುಗಳೂ ಪಾಠದಲ್ಲಿ ಒಂದೊಂದು ತಪ್ಪು ಸೇರಿಸಬೇಕೆಂದು ಅಪ್ಪಣೆ ಮಾಡಿದರು. ಮುಂದಿನ ವಾರ ನಾನು ಒಬ್ಬ ರಾಜನನ್ನು ಅವನ ಮೊಮ್ಮಗನ ಪಟ್ಟಾಭಿಷೇಕ ಆದ ಮೇಲೆ ಹುಟ್ಟಿಸಿದೆ. ಇಡೀ ಕ್ಲಾಸು ತಲೆಯಾಡಿಸಿ ಬರೆದುಕೊಂಡಿತು. ಇಂದಿಗೂ ಯಾರೂ ಬಂದು ಕೇಳಿಲ್ಲ.

ಶನಿವಾರ ಬೆಳಿಗ್ಗೆ ಮೇಷ್ಟ್ರ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವ ಬಂದರು, ಮೀಟರ್ ನೋಡಿದರು. ಹೆಡ್‌ಮಿಸ್ ಬಂದರು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ, ಆದ್ದರಿಂದ ಎಲ್ಲರ ಮುಂದೆ ಕೂತಿದ್ದರು. ಮಕ್ಕಳು ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದರು. ಮೇಷ್ಟ್ರು ಮಾತ್ರ ಆಪರೇಷನ್ನಿಗೆ ಬಂದ ರೋಗಿಯ ಹಾಗೆ ಗೋಡೆಗೊರಗಿದ್ದರು.

ಭಾವ ಕುಂಡದ ಮಣ್ಣಿಗೆ ಬೆರಳು ಹಾಕಿ, "ಒಣಗಿದೆ" ಎಂದರು. ಹೇಳಿ ಮುಗಿಯುವಷ್ಟರಲ್ಲಿ ಪಂಪು ಅವರ ಬೆರಳಿನ ಮೇಲೇ ನೀರು ಬಿಟ್ಟಿತು. ಬಾಗಿಲು ತೆರೆದಿಟ್ಟು ಕಾದರು; ಬಜರ್ ಕಿರುಚಿದ ರಭಸಕ್ಕೆ ಅಜ್ಜಿ ಕೈಲಿದ್ದ ಬಿಸ್ಕತ್ತು ಬಿಟ್ಟರು. ಕೊನೆಗೆ ಹಾಲು. ಮೇಷ್ಟ್ರು ಪಾತ್ರೆಯನ್ನು ಎವೆಯಿಕ್ಕದೆ ನೋಡುತ್ತ ನಿಂತರು. ಉಕ್ಕಿಬಿಡಲಿ ಎಂದು ಹಾಲಿನ ಮುಂದೆ ಅಷ್ಟು ಭಕ್ತಿಯಿಂದ ನಿಂತವರನ್ನು ನಾನು ನೋಡಿಲ್ಲ. ಕೆನೆ ಏಳುವ ಹೊತ್ತಿಗೆ ಸರಿಯಾಗಿ ಬಜರ್ ಕೂಗಿತು. ಮಕ್ಕಳು ಕುಣಿದರು, ಹೆಡ್‌ಮಿಸ್ ಚಪ್ಪಾಳೆ ತಟ್ಟಿದರು. ಯಾಕೆಪುಟ್ಟಿ ಓಡಿಬಂದು, "ಎಲ್ಲಾ ಆಯ್ತು ಸಾರ್" ಎಂದಳು. ಮೇಷ್ಟ್ರು ಅವಳ ತಲೆ ಸವರಿ, "ಬಹಳ ಚೆನ್ನಾಗಿ ಮಾಡಿದ್ರಿ ಮಕ್ಕಳೇ" ಎಂದರು. ಆ ಮಾತು ಸುಳ್ಳಲ್ಲ. ಕಣ್ಣು ಮಾತ್ರ ತುಂಬಿಕೊಂಡಿತ್ತು. ಹೆಡ್‌ಮಿಸ್ ಅದನ್ನು ಆನಂದಬಾಷ್ಪ ಎಂದುಕೊಂಡರು.

ಭಾವ ತಂಗಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದರು. ಮೀಟರ್ ಓದಿ ಬೀದಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ಗಂಟಲು.

"ಗಿಡ ಪಾಸು ಕಣಮ್ಮ. ಬಾಗಿಲು ಪಾಸು. ಹಾಲು ಪಾಸು. ನೀನು ನಿಶ್ಚಿಂತೆಯಾಗಿ ಒಪ್ಕೋ."

"ಸರಿ ಅಣ್ಣ" ಎಂದಿತು ಆ ಕಡೆಯ ದನಿ, ತಣ್ಣಗೆ.

ಕೆಲಸ ಮುಗಿಯಿತೆಂದು ಭಾವ ಬೆತ್ತದ ಕುರ್ಚಿಯಲ್ಲಿ ಕೂರಲು ಹೋದರು. "ಕೂರ್ಬೇಡಿ" ಎಂದು ಇಡೀ ಕ್ಲಾಸು ಒಟ್ಟಿಗೆ ಕೂಗಿತು. ಭಾವ ಅರ್ಧ ಬಗ್ಗಿದವರು ಅಲ್ಲೇ ನಿಂತು, ತಲೆ ಮೇಲಿನ ದೀಪ ನೋಡಿದರು.

"ಇದೇನಿದು, ಹಾಡುಹಗಲಲ್ಲಿ ಉರೀತಿದೆ? ಕರೆಂಟು ದಂಡ. ತಂಗಿ, ಇದೊಂದು ಫೇಲು ನೋಡಮ್ಮ. ನಿನ್ನ ಕುರ್ಚಿ ಮೇಲಿನ ದೀಪ."

"ಯಾವ ದೀಪ? ಅವರು ಹೇಳೇ ಇಲ್ವಲ್ಲ."

ನನಗೂ ಆಗಲೇ ಹೊಳೆದದ್ದು. ಗಿಡದ ಬಗ್ಗೆ, ಬಾಗಿಲಿನ ಬಗ್ಗೆ, ಹಾಲಿನ ಬಗ್ಗೆ ಕೊಚ್ಚಿಕೊಂಡ ಮನುಷ್ಯ ಇದೊಂದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

ಯಾಕೆಪುಟ್ಟಿ ಫೋನಿನ ಹತ್ತಿರ ಬಂದಳು. ತಮ್ಮ ಯಂತ್ರವೊಂದು ಫೇಲಾಯಿತೆಂದು ಅವಳಿಗೆ ಅವಮಾನವಾಗಿತ್ತು. "ಆಂಟಿ, ಅದು ಕೆಟ್ಟಿಲ್ಲ. ಕುರ್ಚಿ ಖಾಲಿ ಇದ್ದಾಗ ಹತ್ತುತ್ತೆ, ಯಾರಾದ್ರೂ ಕೂತ್ರೆ ಆರುತ್ತೆ. ಸಾರ್ ತಿರುಗುಮುರುಗು ಬರೆದುಬಿಟ್ಟಿದ್ದಾರೆ. ಆದ್ರೆ ಸಾರ್ ಯಾರನ್ನೂ ಕೂರಕ್ಕೆ ಬಿಡಲ್ಲ, ಅದಕ್ಕೇ ಅದು ಆರೇ ಇಲ್ಲ. ನಾನು ಸರಿ ಮಾಡ್ತೀನಿ ಅಂದೆ. ಸಾರ್ ಎಲ್ಲಾನೂ ಅಳಿಸ್ತಾರೆ ಆಂಟಿ, ಇದೊಂದು ಅಳಿಸಕ್ಕೆ ಬಿಡ್ತಿಲ್ಲ. ಯಾಕೆ ಅಂತಾನೂ ಹೇಳ್ತಿಲ್ಲ."

ಭಾವ ಫೋನನ್ನು ಅಲ್ಲಾಡಿಸಿ ನೋಡಿದರು.

"ಅಣ್ಣ, ಅವರ ಕೈಗೆ ಕೊಡು."

ಮೇಷ್ಟ್ರು ಫೋನ್ ತೆಗೆದುಕೊಂಡರು. ಸ್ಪೀಕರ್ ಆರಿಸುವುದು ಹೇಗೆಂದು ಪ್ರೋಗ್ರಾಂ ಮೇಷ್ಟ್ರಿಗೆ ಗೊತ್ತಾಗಲಿಲ್ಲ.

"ರೀ, ಆ ದೀಪ ತಪ್ಪಾಗಿದೆಯಂತೆ, ಹೌದಾ?"

"ಇಲ್ಲ" ಎಂದರು ಮೇಷ್ಟ್ರು. "ಸರಿಯಾಗೇ ಇದೆ."

ನಾವೆಲ್ಲ ಕಾದೆವು. ಮುಂದಿನ ಮಾತು ಏನೆಂದು ಅಲ್ಲಿದ್ದ ಪ್ರತಿ ಮಗುವಿಗೂ ಗೊತ್ತಿತ್ತು. ಇಬ್ಬರು ಹುಡುಗರ ತುಟಿಗಳು 'ಅದನ್ನ ಅಳಿಸಿಬಿಡು' ಎಂದು ಆಗಲೇ ಅಲ್ಲಾಡುತ್ತಿದ್ದವು. ಮೇಷ್ಟ್ರು ಅದನ್ನು ಹೇಳಲಿಲ್ಲ.

"ಯಾರೂ ಮುಟ್ಟಬಾರದು ಅಂತ ಹೇಳಿ" ಎಂದರು ಸಿಸ್ಟರ್. "ಇನ್ನು ನಾಲ್ಕು ತಿಂಗಳಿಗೆ ನನ್ನ ಎರಡು ವರ್ಷ ಮುಗಿಯುತ್ತೆ. ಮೂರು ವರ್ಷ ಬೇಡ ಅಂತ ಸೋಮವಾರವೇ ಹೇಳ್ತೀನಿ. ಬಾ ಅನ್ನಕ್ಕೆ ನಿಮಗೇನ್ರೀ ಕಷ್ಟ, ಒಂದು ಅಕ್ಷರ ಅಲ್ವಾ?"

"ಬಾ" ಎಂದರು ಮೇಷ್ಟ್ರು.

ಅಜ್ಜಿ ಬಿದ್ದ ಬಿಸ್ಕತ್ತನ್ನು ಎತ್ತಿಕೊಂಡು, ಇನ್ನು ಇಲ್ಲಿ ನೋಡುವುದೇನಿಲ್ಲ ಎಂದು ಬೀದಿಗೆ ಸುದ್ದಿ ಮುಟ್ಟಿಸಲು ಹೊರಟರು. ಬಾಗಿಲು ಮುಚ್ಚದೆ ಹೋದದ್ದರಿಂದ ಬಜರ್ ಬಹಳ ಹೊತ್ತು ಕೂಗಿತು. ಯಾರೂ ಎದ್ದು ಹೋಗಿ ಮುಚ್ಚಲಿಲ್ಲ.

ನಾಲ್ಕು ತಿಂಗಳು ಆ ದೀಪ ಉರಿಯಿತು. ಬೀದಿಗೂ ಅಭ್ಯಾಸವಾಯಿತು; ದರ್ಜಿ ಕೈಗಳನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಕರೆಂಟು ಹೋದಾಗ ಮೇಷ್ಟ್ರು ಅದಕ್ಕೆಂದೇ ಬ್ಯಾಟರಿ ಜೋಡಿಸುತ್ತಿದ್ದರು. ನಾನು ಪ್ರತಿ ಸಂಜೆ ಹೋಗಿ ಆ ಬೆಳಕಿನ ಆಚೆ ಕೂತು ನನ್ನ ಪಾಲಿನ ಸಪ್ಪೆ ಚಹಾ ಕುಡಿದು ಬರುತ್ತಿದ್ದೆ.

ಒಂದು ಸಂಜೆ ಶಾಲೆಯಿಂದ ತಡವಾಗಿ ಬಂದು ಕಿಟಕಿ ತೆರೆದರೆ ಎದುರುಮನೆಯ ಕಿಟಕಿ ಕತ್ತಲಾಗಿತ್ತು. ಅಜ್ಜಿ ಆಗಲೇ ಜಗುಲಿಗೆ ಬಂದು ನಿಂತಿದ್ದರು.

"ನೋಡಿದ್ರಾ, ಮೇಷ್ಟ್ರ ದೀಪ ಕೆಟ್ಟುಹೋಗಿದೆ. ಆ ಹುಡುಗಿಗೆ ಹೇಳಿಕಳಿಸಿ, ಬಂದು ಸರಿ ಮಾಡ್ಲಿ."

ಎದುರು ಮನೆಯ ಮುಚ್ಚಿದ ಬಾಗಿಲ ಮುಂದೆ ಬೀದಿದೀಪದ ಬೆಳಕು ಬಿದ್ದಿತ್ತು. ಅಲ್ಲಿ ಒಂದು ಬೂಟು ಮಗುಚಿ ಬಿದ್ದಿತ್ತು. ಇನ್ನೊಂದು ಎಲ್ಲಿದೆಯೋ ಕಾಣಲಿಲ್ಲ.

"ಕೆಟ್ಟಿಲ್ಲ ಅಜ್ಜಿ. ಸರಿಯಾಗೇ ಇದೆ" ಎಂದೆ.

ಆ ಸಂಜೆ ನನ್ನನ್ನು ಚಹಾಕ್ಕೆ ಯಾರೂ ಕೂಗಲಿಲ್ಲ. ಕೂಗುವುದೂ ಇಲ್ಲ ಎಂದು ಗೊತ್ತಿದ್ದರೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಒಂದು ಲೋಟ ಮಾಡಿಕೊಂಡು ಕಿಟಕಿಯ ಬಳಿ ಬಂದು ಕೂತೆ. ಎಷ್ಟೋ ದಿನದ ಮೇಲೆ ಬೇಕಾದಷ್ಟು ಸಕ್ಕರೆ ಹಾಕಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಿತ್ತು. ಅರ್ಧ ಲೋಟ ಕುಡಿದ ಮೇಲೆ ನೋಡುತ್ತೇನೆ, ಸಕ್ಕರೆ ಹಾಕುವುದನ್ನೇ ಮರೆತಿದ್ದೆ.